ಆಯಿಯ ಗುಳಿಗೆ ಮತ್ತು ನನ್ನ ತಪ್ಪು

ಮಹಾಗಾಂವದ ಮನೆಯ ಬಚ್ಚಲಲ್ಲಿ ಆಯಿ ಜಾರಿ ಬಿದ್ದಳು ಅಂತ ಅಪ್ಪನ ಫೋನ್ ಬಂದಾಗ ನಾನು ಬೆಂಗಳೂರಿನ ಆಫೀಸಲ್ಲಿದ್ದೆ. ರಾತ್ರಿ ರೈಲು ಹತ್ತಿ, ಬೆಳಗ್ಗೆ ಕಲಬುರಗಿ ಸ್ಟೇಷನ್ನಿಂದ ಸೀದಾ ಆಸ್ಪತ್ರೆಗೆ ಹೋದೆ. ತೊಡೆಮೂಳೆಯ ಕುತ್ತಿಗೆ ಮುರಿದಿತ್ತು. ಸೊಂಟದ ಕೀಲು ಬದಲಿಸಬೇಕು ಅಂದರು.

ಹೊದಿಕೆ ಸರಿಸಿದರೂ ಆಯಿ 'ಯವ್ವಾ, ಸತ್ತೆ' ಅಂತಿದ್ದಳು. ಇಂಥವಳನ್ನು ಕೂರಿಸಿ ಬೆನ್ನಿಗೆ ಅರಿವಳಿಕೆ ಸೂಜಿ ಚುಚ್ಚೋದು ಹೇಗೆ? ಡಾಕ್ಟರು ಮೊದಲು ಅಲ್ಟ್ರಾಸೌಂಡ್ ನೋಡುತ್ತ ತೊಡೆಸಂದಿನ ಹತ್ತಿರ ನರ್ವ್ ಬ್ಲಾಕ್ ಕೊಟ್ಟರು. ಅರ್ಧ ಗಂಟೆಯಲ್ಲಿ ಆಯಿ ಆಸರೆ ಹಿಡಿದು ಕೂತಳು!

ಅದು 'ಪೆಂಗ್' ಬ್ಲಾಕ್. ಟೊರೊಂಟೊದ ವೈದ್ಯರು 2018ರಲ್ಲಿ ವಿವರಿಸಿದ ವಿಧಾನ. ಸೊಂಟದ ಕೀಲಿನ ಮುಂಭಾಗದಿಂದ ನೋವಿನ ಸುದ್ದಿ ಒಯ್ಯುವ ಸಣ್ಣ ನರಗಳ ಬಳಿ ಮರಗಟ್ಟಿಸುವ ಔಷಧ ಬಿಡ್ತಾರೆ. ಕಾಲಿನ ಬಲ ಬಹುಮಟ್ಟಿಗೆ ಉಳಿಯುತ್ತೆ. ಅದಕ್ಕಿಂತ ಹಳೆಯ ಫ್ಯಾಸಿಯಾ ಇಲಿಯಾಕಾ ಬ್ಲಾಕಲ್ಲಿ ತೊಡೆಯ ಸ್ನಾಯು ಸೋತು, ಎದ್ದಾಗ ಮೊಣಕಾಲು ಕುಸಿಯಬಹುದು. ನಿಮ್ಮವರಿಗೆ ಕೊಟ್ಟಿದ್ದು ಯಾವುದು ಅಂತ ಕೇಳಿಟ್ಟುಕೊಳ್ಳಿ. ಯಾವುದಾದರೂ ಸರಿ, ಸಿಬ್ಬಂದಿ ಇಲ್ಲದೆ ಏಳಿಸಬೇಡಿ.

ಮಧ್ಯಾಹ್ನ ಆಪರೇಷನ್ ಆಯ್ತು. ರಾತ್ರಿ ಒಂಬತ್ತಕ್ಕೆ ಸಿಸ್ಟರ್ ಪ್ಯಾರಾಸಿಟಮಾಲ್ ತಂದರು. 'ನೋವೇ ಇಲ್ಲ, ಗುಳಿಗಿ ಯಾಕ? ಸುಮ್ನ ಹೊಟ್ಟಿ ಕೆಡ್ತದ' ಅಂದಳು ಆಯಿ. ನಾನೂ ಜಾಣನಂತೆ, 'ಮಲಗಲಿ ಬಿಡಿ ಸಿಸ್ಟರ್' ಅಂದೆ.

ಎರಡು ಗಂಟೆಗೆ ಬ್ಲಾಕ್ ಇಳಿಯಿತು. ನೋವು ಒಮ್ಮೆಲೇ ನುಗ್ಗಿ ಬಂತು. ಆಯಿ ನನ್ನ ಮುಂಗೈ ಹಿಡಿದದ್ದು ಬೆಳಗಿನವರೆಗೂ ಬಿಡಲಿಲ್ಲ. ಇಂಜೆಕ್ಷನ್ ಕೊಟ್ಟರೂ ಆ ನೋವು ಹತೋಟಿಗೆ ಬರೋಕೆ ಬಹಳ ಹೊತ್ತು ಹಿಡಿಯಿತು.

'ಬ್ಲಾಕ್ ಇಳಿಯೋದರೊಳಗೆ ಗುಳಿಗೆ ಕೆಲಸ ಶುರು ಮಾಡಿರಬೇಕು' ಅಂದರು ಡಾಕ್ಟರು. ಮೇಲಾಗಿ ಈ ಬ್ಲಾಕ್ ಕೊಯ್ದ ಚರ್ಮದ ನೋವನ್ನು ಮುಟ್ಟೋದಿಲ್ಲವಂತೆ. ಸರ್ವರಿನ ಅಲಾರಂ ಮ್ಯೂಟ್ ಮಾಡಿ 'ಎಲ್ಲಾ ಸರಿಯಾಯ್ತು' ಅಂದರೆ ಜೂನಿಯರನ್ನು ಬೈಯೋನು ನಾನೇ!

ಆಮೇಲೆ ಡಾಕ್ಟರು ಬರೆದುಕೊಟ್ಟ ವೇಳೆಗೆಲ್ಲ ಫೋನಲ್ಲಿ ಅಲಾರಂ ಇಟ್ಟೆ. ಒಬ್ಬ ಮಾವ ಜೇಬಿನಿಂದ ಬೇರೆ ನೋವಿನ ಗುಳಿಗೆ ತೆಗೆದಾಗ ಬೇಡವೆಂದೆ. ವಯಸ್ಸಾದವರ ಕಿಡ್ನಿಗೆ, ಹೊಟ್ಟೆಗೆ ಐಬುಪ್ರೊಫೇನ್ ಥರದವು ಪೆಟ್ಟು ಕೊಡಬಹುದು, ಕೇಳದೆ ಕೊಡಬಾರದು.

ಮೂರನೇ ದಿನ ಆಯಿ ವಾಕರ್ ಹಿಡಿದು ಬಾಗಿಲವರೆಗೆ ಹೋಗಿ ಬಂದಳು. ಮಂಚದ ಮೇಲೆ ಕೂತವಳೇ ಗಡಿಯಾರ ನೋಡಿದಳು. 'ಏ ತಮ್ಮಾ, ಒಂಬತ್ತಾತು. ಗುಳಿಗಿ ಎಲ್ಲದ?'