ಕಂತಿನ ದಿನವೂ ಬಟವಾಡೆಯ ದಿನವೂ



ಯಾದಗಿರಿ ಕಡೆಯ ಹುಡುಗನೊಬ್ಬ ಕೋಠಿಯ ಹತ್ತಿರದ ಒಂದು ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದಾನೆ. ಊಟವೂ ಮಲಗುವ ಜಾಗವೂ ಹೋಟೆಲಿನದೇ. ಕೈಗೆ ಬರುವ ಸಂಬಳ ೧೫,೦೦೦ ರೂಪಾಯಿ. ೨೦೨೫ರ ದಸರೆಯ ಮಾರಾಟದಲ್ಲಿ ಅವನು ಆನ್‌ಲೈನಿನಲ್ಲಿ ೧೮,೦೦೦ ರೂಪಾಯಿಯ ಫೋನೊಂದನ್ನು ತರಿಸಿಕೊಂಡ. ತಿಂಗಳಿಗೆ ೨,೦೦೦ದಂತೆ ಒಂಬತ್ತು ಕಂತು. ಕಂತು ಬೀಳುವುದು ಪ್ರತಿ ತಿಂಗಳು ೫ನೆಯ ತಾರೀಕು. ಅವನ ಮಾಲಿಕರು ಸಂಬಳ ಕೊಡುವುದು ೧೦ಕ್ಕೋ ೧೨ಕ್ಕೋ, ಅವರಿಗೆ ಮನಸ್ಸು ಬಂದಾಗ. ೫ನೆಯ ತಾರೀಕು ಬ್ಯಾಂಕಿನ ಖಾತೆ ಬರಿದು. ಸಾಲ ಕೊಟ್ಟವರ ದಂಡ ೫೯೦, ಕಂತು ವಾಪಸಾದುದಕ್ಕೆ ಬ್ಯಾಂಕಿನ ದಂಡ ೨೯೫, ಕೂಡಿದರೆ ೮೮೫. ನವೆಂಬರ್, ಡಿಸೆಂಬರ್, ಜನವರಿ, ಮೂರು ತಿಂಗಳೂ ಹೀಗೆಯೇ ಆಗಿ ೨,೬೫೫ ರೂಪಾಯಿ ದಂಡಕ್ಕೇ ಹೋಯಿತು. ಅಂದರೆ ಒಂದು ಕಂತಿಗಿಂತಲೂ ಹೆಚ್ಚು. ಹುಡುಗ ದುಡಿದಿರಲಿಲ್ಲವೇ? ದುಡಿದಿದ್ದ. ದುಡಿದ ಹಣ ಮಾಲಿಕರ ಗಲ್ಲಾದಲ್ಲಿತ್ತು, ಅಷ್ಟೇ.

ಅವನು ಸಂಘದ ಕೋಣೆಗೆ ಬಂದಾಗ ನಮ್ಮಲ್ಲಿಯ ಹಿರಿಯರೊಬ್ಬರು, "ಇದ್ದುದರಲ್ಲಿ ಇರಬೇಕು ಮಾರಾಯ, ಸಪ್ಲಾಯರಿಗೆ ಹದಿನೆಂಟು ಸಾವಿರದ ಫೋನು ಯಾಕೆ?" ಎಂದು ಬೈದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಬೇರೆ. ಹಿರಿಯರ ಮೇಲೆ ನಮಗೆ ಗೌರವವಿದೆ. ಈ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ.

ಹೋಟೆಲಿನವನು ಯಾವಾಗ ಅಂಗಡಿಗೆ ಹೋಗಬೇಕು, ಹೇಳಿ. ಬೆಳಿಗ್ಗೆ ಐದೂವರೆಗೆ ಇಡ್ಲಿಯ ಒಲೆ ಹಚ್ಚಿದರೆ ರಾತ್ರಿ ಹನ್ನೊಂದಕ್ಕೆ ನೆಲ ತೊಳೆದು ಮುಗಿಯುತ್ತದೆ. ನಡುವೆ ಮಧ್ಯಾಹ್ನ ಮೂರರಿಂದ ಐದು ಬಿಡುವು. ಅದು ನಿದ್ದೆಗೇ ಸಾಲದು. ಆ ಬಿಡುವಿನಲ್ಲೇ ಆಬಿಡ್ಸಿನ ಗಾಜಿನ ಬಾಗಿಲಿನ ಅಂಗಡಿಗೆ ಹೋದರೂ ಸಾಂಬಾರಿನ ಕಲೆಯ ಅಂಗಿ ಕಂಡ ಕೂಡಲೇ ಅಲ್ಲಿಯವನು "ಏನು ಬೇಕು?" ಎಂದು ಕೇಳುವ ಧಾಟಿಯೇ ಬೇರೆ. ನಾವೂ ಹಾಗೆ ಹೋಗಿ ಹಾಗೆಯೇ ತಿರುಗಿ ಬಂದವರು. ಫೋನು ನಮ್ಮ ಅಂಗಿ ನೋಡುವುದಿಲ್ಲ. ಮಾಲಿಕರಿಗೆ ತೋರಿಸುವ ಬೆಲೆಯನ್ನೇ ಕ್ಲೀನರಿಗೂ ತೋರಿಸುತ್ತದೆ. ರಾತ್ರಿ ಹನ್ನೆರಡಕ್ಕೂ ತೆರೆದಿರುತ್ತದೆ. ಬೇಡವೆಂದರೆ ಹಿಂದಕ್ಕೆ ಒಯ್ಯುತ್ತದೆ. ನಮ್ಮವರು ಅತ್ತ ಹೋದದ್ದು ಬರೀ ಶೋಕಿಗೆ ಅಲ್ಲ. ಊರಲ್ಲಿರುವ ಮಗುವಿನ ಮುಖ ನೋಡುವುದೂ, ತಾಯಿಗೆ ಹಣ ಕಳಿಸುವುದೂ, ರೇಷನ್ ಕಾರ್ಡಿನ ಕೆಲಸವೂ, ಎಲ್ಲವೂ ಅದೇ ಫೋನಿನಲ್ಲಿ. ಅದನ್ನು ಐಷಾರಾಮು ಎನ್ನುವ ಕಾಲ ಹೋಯಿತು.

ಈ ವ್ಯಾಪಾರ ಬೆಳೆದ ಬಗೆಯನ್ನು ಸ್ವಲ್ಪ ನೋಡೋಣ. ೨೦೦೭ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಹುಟ್ಟಿದಾಗ ಮಾರುತ್ತಿದ್ದುದು ಪುಸ್ತಕಗಳನ್ನು. ಕಾರ್ಡು ಇಲ್ಲದ ನಮ್ಮಂಥವರಿಗೆ ಅದು ಸಂಬಂಧವಿಲ್ಲದ ಮಾತಾಗಿತ್ತು. ೨೦೧೦ರಲ್ಲಿ ಸಾಮಾನು ಮನೆಗೆ ಬಂದ ಮೇಲೆ ಹಣ ಕೊಡುವ ಪದ್ಧತಿ ತಂದರು. ನಮ್ಮ ದೇಶದವನು ಕೈಗೆ ಬಾರದ ವಸ್ತುವಿಗೆ ಹಣ ಕೊಡುವುದಿಲ್ಲ ಎಂಬುದನ್ನು ಅವರು ಅರಿತುಕೊಂಡರು. ಅಲ್ಲಿಂದ ಬಾಗಿಲು ತೆರೆಯಿತು. ೨೦೧೩ರಲ್ಲಿ ಅಮೆಜಾನ್ ಬಂತು. ೨೦೧೪ರ ಅಕ್ಟೋಬರ್ ೬ರಂದು ಫ್ಲಿಪ್‌ಕಾರ್ಟಿನ ಮೊದಲ ದೊಡ್ಡ ಒಂದು ದಿನದ ಮಾರಾಟ ನಡೆದು, ಗಿರಾಕಿಗಳ ನೂಕುನುಗ್ಗಲಿಗೆ ವ್ಯವಸ್ಥೆಯೇ ಕುಸಿದು, ಬೆಲೆ ಏರಿಸಿ ಇಳಿಸಿದರೆಂಬ ದೂರೂ ಎದ್ದು, ಮರುದಿನ ಅದರ ಸ್ಥಾಪಕರು ಕ್ಷಮೆ ಕೇಳಿದರು. ೨೦೧೮ರಲ್ಲಿ ಅಮೆರಿಕದ ವಾಲ್‌ಮಾರ್ಟ್ ೧,೬೦೦ ಕೋಟಿ ಡಾಲರ್ ಕೊಟ್ಟು ಆ ಕಂಪನಿಯ ನೂರಕ್ಕೆ ೭೭ ಪಾಲು ಕೊಂಡಿತು. ಮರುವರ್ಷ ನಮ್ಮ ಹೈದರಾಬಾದಿನ ನಾನಕ್‌ರಾಮ್‌ಗುಡದಲ್ಲಿ ೧೫,೦೦೦ ಮಂದಿ ಕೂರುವ ಅಮೆಜಾನಿನ ಕಟ್ಟಡ ತೆರೆಯಿತು. ೨೦೨೦ರಲ್ಲಿ ಈ ಎರಡೂ ಅಂಗಡಿಗಳು ಕನ್ನಡ ಕಲಿತವು. ಅಂಗಡಿ ಕನ್ನಡ ಕಲಿಯಿತು, ಸಾಲದ ಕರಾರು ಕಲಿಯಲಿಲ್ಲ. ನಮ್ಮ ಹುಡುಗ ಒಪ್ಪಿಗೆ ಒತ್ತಿದ ಕರಾರು ಪೂರಾ ಇಂಗ್ಲಿಷಿನಲ್ಲಿತ್ತು. ಮಿಡ್ಲ್‌ಸ್ಕೂಲಿನವರೆಗೆ ಓದಿದ ನಾವು ಅದನ್ನು ಓದಿ ಮುಗಿಸಲು ಎರಡು ಮಧ್ಯಾಹ್ನ ಬೇಕಾಯಿತು.

ದೇಶದ ಖರ್ಚಿನ ರೀತಿಯೇ ಬದಲಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಸರಕಾರದ ಸಮೀಕ್ಷೆಯ ಪ್ರಕಾರ ೧೯೯೯-೨೦೦೦ದಲ್ಲಿ ಪಟ್ಟಣದ ಮನೆಯವರು ನೂರು ರೂಪಾಯಿ ಖರ್ಚು ಮಾಡಿದರೆ ೪೮ ರೂಪಾಯಿ ಊಟಕ್ಕೆ ಹೋಗುತ್ತಿತ್ತು. ೨೦೨೩-೨೪ರಲ್ಲಿ ಅದು ೪೦ಕ್ಕೂ ಕೊಂಚ ಕೆಳಗೆ. ಆ ಊಟದ ಹಣದಲ್ಲಿಯೂ ಎಲ್ಲಕ್ಕಿಂತ ದೊಡ್ಡ ಪಾಲು ಅಕ್ಕಿಗಲ್ಲ, ಹಾಲಿಗಲ್ಲ. ಪಾನೀಯ, ತಿಂಡಿ, ಸಿದ್ಧ ಆಹಾರಕ್ಕೆ. ಹೋಟೆಲಿನವರಾದ ನಮಗೆ ಇದು ಸಮೀಕ್ಷೆ ನೋಡಿ ತಿಳಿಯಬೇಕಾದ ಸಂಗತಿಯೇನಲ್ಲ, ಬೆಳಗಿನ ದೋಸೆಯ ಕಲ್ಲೇ ಹೇಳುತ್ತದೆ. ಇತ್ತ ಖರ್ಚು ಏರಿದಂತೆ ಅತ್ತ ಉಳಿತಾಯ ಇಳಿಯಿತು. ಮನೆಮಂದಿಯ ಸಾಲ ಕಳೆದು ಉಳಿಯುವ ಉಳಿತಾಯವು ೨೦೨೨-೨೩ರಲ್ಲಿ ದೇಶದ ಉತ್ಪನ್ನದ ನೂರಕ್ಕೆ ಸುಮಾರು ೫ಕ್ಕೆ ಬಂತು. ಕೆಲವು ದಶಕಗಳಲ್ಲಿ ಅಷ್ಟು ಕೆಳಗೆ ಹೋಗಿರಲಿಲ್ಲ. ಅಡವಿಲ್ಲದೆ ಕೊಡುವ ಇಂಥ ಸಾಲ ಮಿತಿಮೀರಿತೆಂದು ರಿಸರ್ವ್ ಬ್ಯಾಂಕು ೨೦೨೩ರ ನವೆಂಬರಿನಲ್ಲಿ ಸಾಲ ಕೊಡುವವರಿಗೆ ಕಡಿವಾಣ ಹಾಕಿತು.

ಕಂತನ್ನು "ನೋ ಕಾಸ್ಟ್" ಎಂದು, ಖರ್ಚಿಲ್ಲದ್ದೆಂದು ಮಾರುತ್ತಾರೆ. ಇದರ ಗುಟ್ಟನ್ನು ಬಿಡಿಸಿ ಹೇಳುತ್ತೇವೆ. ವರ್ಷಕ್ಕೆ ನೂರಕ್ಕೆ ೧೫ರ ಬಡ್ಡಿ ಎಂದಿಟ್ಟುಕೊಳ್ಳಿ. ತಿಂಗಳಿಗೆ ೨,೦೦೦ದಂತೆ ಒಂಬತ್ತು ತಿಂಗಳು ಕಟ್ಟುವವನಿಗೆ ಆ ಲೆಕ್ಕದಲ್ಲಿ ಸಿಗುವ ಸಾಲ ೧೮,೦೦೦ ಅಲ್ಲ, ಸುಮಾರು ೧೬,೯೨೫. ಉಳಿದ ೧,೦೭೫ ಬಡ್ಡಿ. ಮಾರುವವನು ಬೆಲೆಯಲ್ಲಿ ಅಷ್ಟನ್ನು ಕಳೆದು ಬಡ್ಡಿಗೆ ಸರಿ ಮಾಡುತ್ತಾನೆ, ನಮಗೆ ಬಡ್ಡಿ ಇಲ್ಲದಂತೆ ಕಾಣುತ್ತದೆ. ಅಷ್ಟು ಕಳೆಯಲು ಅವನಿಗೆ ಆಗುವುದಾದರೆ ನಗದು ಕೊಟ್ಟವನಿಗೂ ಕಳೆಯಬಹುದಿತ್ತಲ್ಲವೇ? ಶೂನ್ಯ ಬಡ್ಡಿ ಎಂಬ ವಸ್ತುವೇ ಇಲ್ಲವೆಂದು ರಿಸರ್ವ್ ಬ್ಯಾಂಕು ೨೦೧೩ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಹೇಳಿತ್ತು. ಹೆಸರು ಬದಲಾಯಿತು, ಲೆಕ್ಕ ಬದಲಾಗಲಿಲ್ಲ. ಇದರ ಮೇಲೆ ಕಾಗದಪತ್ರದ ಶುಲ್ಕ, ಶುಲ್ಕದ ಮೇಲೆ ನೂರಕ್ಕೆ ೧೮ ತೆರಿಗೆ. "ಇನ್ನು ಎರಡೇ ಉಳಿದಿವೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ" ಎಂದು ಸುಳ್ಳು ಅವಸರ ಹಚ್ಚುವುದನ್ನೂ, ಕೇಳದ ವಸ್ತುವನ್ನು ಬಿಲ್ಲಿಗೆ ಸೇರಿಸುವುದನ್ನೂ ಕೇಂದ್ರ ಸರಕಾರ ೨೦೨೩ರ ನವೆಂಬರ್ ೩೦ರಂದು ನಿಷೇಧಿಸಿತು. ಇಂಥದ್ದು ಕಂಡರೆ ೧೯೧೫ಕ್ಕೆ ಫೋನು ಮಾಡಿ ದೂರು ಕೊಡಬಹುದು.

ಆದರೆ ಬಡ್ಡಿಯ ೧,೦೭೫ ಅಲ್ಲ ನಮ್ಮ ಹುಡುಗನನ್ನು ಹಿಂಡಿದ್ದು, ದಂಡದ ೨,೬೫೫. ನಮ್ಮ ಮಾತಿನ ಮುಖ್ಯ ಭಾಗ ಇದು.

ಟ್ಯಾಂಕ್‌ಬಂಡಿನ ಕೆಳಗೆ ರಾಮಗೋಪಾಲ್ ಮಿಲ್ಲು ನಡೆಯುತ್ತಿದ್ದ ಕಾಲದ ಕತೆಯನ್ನು ನಮ್ಮ ಹಳೆಯ ಮಿಲ್ ಕಾರ್ಮಿಕರು ಈಗಲೂ ಹೇಳುತ್ತಾರೆ. ಬಟವಾಡೆಯ ದಿನ ಬಡ್ಡಿಯವನು ದೊಣ್ಣೆ ಊರಿಕೊಂಡು ಗೇಟಿನ ಹೊರಗೆ ನಿಂತಿರುತ್ತಿದ್ದನಂತೆ. ಪಗಾರದ ಲಕೋಟೆ ಮನೆ ಸೇರುವ ಮೊದಲೇ ಹಗುರವಾಗುತ್ತಿತ್ತಂತೆ. ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನವರ ಬಾಯಲ್ಲೂ ಇದೇ ಕತೆ. ಅವನು ಕ್ರೂರಿ, ನಿಜ. ಆದರೂ ಅವನು ಬರುತ್ತಿದ್ದುದು ಬಟವಾಡೆಯ ದಿನ. ಬಟವಾಡೆ ನಾಲ್ಕು ದಿನ ತಡವಾದರೆ ಅವನೂ ನಾಲ್ಕು ದಿನ ಗೇಟಿನಲ್ಲಿ ಕಾಯಬೇಕು. ಕಾಚಿಗುಡದ ಗಲ್ಲಿಯ ಕಿರಾಣಿಯವನೂ ಹಾಗೆಯೇ. ತೂಕದಲ್ಲಿ ಕೈಚಳಕ ತೋರಿಸಿದರೂ "ಸಂಬಳ ಆಗಿಲ್ಲ ಸೇಠ್" ಎಂದರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಈ ಹೊಸ ಸಾಲಕ್ಕೆ ಬಟವಾಡೆ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ತಾರೀಕು ಮಾತ್ರ. ಕಾರ್ಮಿಕನಿಂದ ಗಡಿಯಾರದಂಥ ನಿಯಮ ಬಯಸುತ್ತಾರೆ, ಅವನ ಸಂಬಳಕ್ಕೆ ಮಾತ್ರ ಯಾವ ನಿಯಮವೂ ಇಲ್ಲ.

ಇಲ್ಲ ಎಂದೆವಲ್ಲ, ತಪ್ಪು. ಕಾನೂನು ಇದೆ. ೨೦೧೯ರ ವೇತನ ಸಂಹಿತೆ ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದಿದೆ. ತಿಂಗಳ ಸಂಬಳದವನಿಗೆ ಮುಂದಿನ ತಿಂಗಳ ೭ನೆಯ ತಾರೀಕು ಮುಗಿಯುವುದರೊಳಗೆ ಸಂಬಳ ಕೊಡಬೇಕು. ಹೋಟೆಲು ಚಿಕ್ಕದು, ಕೆಲಸದವರು ಹತ್ತೇ ಮಂದಿ ಎಂಬ ಸಬೂಬು ನಡೆಯುವುದಿಲ್ಲ. ಆ ಸಂಹಿತೆಗಳಲ್ಲಿ ನಾವು ಒಪ್ಪದ ಸಂಗತಿಗಳು ಹಲವಿವೆ, ಅದನ್ನು ಬೇರೆ ದಿನ ಬರೆಯೋಣ. ಈ ಒಂದು ಕಲಮನ್ನು ಮಾತ್ರ ಗಟ್ಟಿಯಾಗಿ ಹಿಡಿಯಬೇಕು.

ಹಿಂದೆ ಮಾಲಿಕರು "ಗಲ್ಲಾದಲ್ಲಿ ನಗದು ಇಲ್ಲ, ಭಾನುವಾರದ ವ್ಯಾಪಾರ ಆಗಲಿ" ಎನ್ನುತ್ತಿದ್ದರು. ಆಗ ಅದರಲ್ಲಿ ಒಂದಿಷ್ಟು ಸತ್ಯವೂ ಇದ್ದೀತು. ಈಗ? ಗಿರಾಕಿ ಕಾಫಿಯ ಲೋಟ ಕೆಳಗಿಡುವ ಮೊದಲೇ ಸ್ಕ್ಯಾನರಿಗೆ ಫೋನು ಹಿಡಿಯುತ್ತಾನೆ. ಗಲ್ಲಾದ ಮೇಲಿನ ಡಬ್ಬಿ "ಇಪ್ಪತ್ತು ರೂಪಾಯಿ ಬಂತು" ಎಂದು ಇಡೀ ಹೋಟೆಲಿಗೆ ಕೇಳುವಂತೆ ಕೂಗುತ್ತದೆ. ದಿನಕ್ಕೆ ಸಾವಿರ ಸಲ ಆ ಕೂಗು ಕೇಳಿಕೊಂಡು ತಟ್ಟೆ ಎತ್ತುವವನಿಗೆ ೧೨ನೆಯ ತಾರೀಕಿನವರೆಗೆ ಹಣ ಬಂದಿಲ್ಲವೆಂದು ಹೇಳಲು ಬಾಯಿ ಹೇಗೆ ಬರುತ್ತದೆ? ಮಾಲಿಕರಿಗೂ ಕಷ್ಟವಿದೆ, ಅದನ್ನು ಮುಚ್ಚಿಡುವುದಿಲ್ಲ. ಫೋನಿನ ಮೂಲಕ ಊಟ ತರಿಸುವ ಕಂಪನಿಗಳು ಬಿಲ್ಲಿನಿಂದ ಕಮಿಷನ್ ಹಿಡಿದುಕೊಂಡು ಉಳಿದುದನ್ನು ಆಮೇಲೆ ಕಳಿಸುತ್ತವೆ. ಹೋಟೆಲಿನವರ ದೂರಿನ ಮೇಲೆ ೨೦೨೨ರ ಏಪ್ರಿಲಿನಲ್ಲಿ ಸ್ಪರ್ಧಾ ಆಯೋಗ ಸ್ವಿಗ್ಗಿ, ಜೊಮ್ಯಾಟೊಗಳ ಮೇಲೆ ತನಿಖೆಗೆ ಅಪ್ಪಣೆ ಮಾಡಿತು. ಮಾಲಿಕರು ತಮ್ಮ ಹಣ ತಡವಾದರೆ, ಕಡಿತವಾದರೆ ಆಯೋಗದವರೆಗೆ ಹೋಗುತ್ತಾರೆ. ತಡ ಎಂದರೇನೆಂದು ಅವರಿಗೆ ಚೆನ್ನಾಗಿ ಗೊತ್ತು.

ನಾವು ಮಾಡಿದ್ದೇನೆಂದರೆ, ಹುಡುಗನನ್ನು ಕೂಡಿಸಿಕೊಂಡು ಸಾಲ ಕೊಟ್ಟ ಕಂಪನಿಗೆ ಫೋನು ಮಾಡಿ ಕಂತಿನ ತಾರೀಕನ್ನು ೫ರಿಂದ ಮುಂದಕ್ಕೆ ಹಾಕಲು ಕೇಳಿದೆವು. ಆಗುವುದಿಲ್ಲ ಎಂದರು. ಮೂರನೆಯ ಸಲ ಬರವಣಿಗೆಯಲ್ಲಿ ಕೇಳಿದಾಗ ಆಯಿತು. ಎಲ್ಲರೂ ಒಪ್ಪುತ್ತಾರೆಂದಲ್ಲ, ಕೇಳದವನಿಗೆ ಯಾರೂ ಒಪ್ಪುವುದಿಲ್ಲ. ಇನ್ನೊಂದು ಸಂಗತಿ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ೨೦೨೪ರ ಅಕ್ಟೋಬರ್ ೧ರಿಂದ ಸಾಲ ಕೊಡುವವರು ಬಡ್ಡಿ, ಶುಲ್ಕ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆಂದು ಒಂದು ಮುಖ್ಯಾಂಶ ಪತ್ರದಲ್ಲಿ ಬರೆದುಕೊಡಬೇಕು, ಅದೂ ಸಾಲ ಪಡೆಯುವವನಿಗೆ ತಿಳಿಯುವ ಭಾಷೆಯಲ್ಲಿ. ಇದು ರಿಸರ್ವ್ ಬ್ಯಾಂಕಿನ ಅಪ್ಪಣೆ. ಹೈದರಾಬಾದಿನಲ್ಲಿದ್ದೇವೆಂದು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಕೊಟ್ಟರೆ ತೆಗೆದುಕೊಳ್ಳಬೇಡಿ, ಕನ್ನಡದಲ್ಲಿ ಕೇಳಿ. ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ಮೇಲೆ ಫೋನು ಮಾಡಬಾರದು. ನಿಮ್ಮ ಅಣ್ಣನಿಗೋ ಮಾಲಿಕರಿಗೋ ಫೋನು ಮಾಡಿ ಮಾನ ಕಳೆಯಬಾರದು. ೨೦೨೦ರ ಕೊನೆಯಲ್ಲಿ ಇದೇ ತೆಲಂಗಾಣದಲ್ಲಿ ಫೋನಿನ ಸಾಲದವರ ಕಾಟ ತಾಳಲಾರದೆ ಕೆಲವರು ಪ್ರಾಣ ಕಳೆದುಕೊಂಡರು. ಹಣ ಸಾಲದಿದ್ದರೆ ಸಂಘಕ್ಕೆ ಬಂದು ಹೇಳಿ. ನಾಚಿಕೆಪಟ್ಟು ಒಬ್ಬರೇ ಕೂರಬೇಡಿ.

ಆ ಫೋನನ್ನು ಹುಡುಗನಿಗೆ ತಂದುಕೊಟ್ಟವನೂ ನಮ್ಮವನೇ. ರಾಯಚೂರು ಕಡೆಯವನು, ಎರಡು ವರ್ಷದ ಹಿಂದೆ ನಮ್ಮದೇ ಬೀದಿಯ ಹೋಟೆಲಿನಲ್ಲಿ ಕ್ಲೀನರ್ ಆಗಿದ್ದ. ಈಗ ಅವನು ಓಡಿಸುವ ಗಾಡಿಯೂ ಕಂತಿನದು. ಅವನಿಗೆ ಮಾಲಿಕ ಯಾರೆಂದೇ ತಿಳಿಯದು, ಬಟವಾಡೆಯ ದಿನ ಎಂಬುದೂ ಇಲ್ಲ. ಆರ್ಡರು ಬಂದಷ್ಟು ಹಣ. ಇಂಥವರಿಗಾಗಿ ಕರ್ನಾಟಕ ೨೦೨೫ರಲ್ಲಿ ಕಾನೂನು ಮಾಡಿ, ಪ್ರತಿ ವ್ಯವಹಾರದಲ್ಲಿ ಕೆಲಸದವನಿಗೆ ಕೊಡುವ ಹಣದ ಮೇಲೆ ಕಂಪನಿ ಕಲ್ಯಾಣನಿಧಿಗೆ ಶುಲ್ಕ ಕಟ್ಟುವಂತೆ ಮಾಡಿದೆ. ಅವರು ನಮ್ಮ ಹೋಟೆಲುಗಳ ಮುಂದೆ ಪಾರ್ಸೆಲಿಗೆ ಕಾಯುತ್ತ ಬಿಸಿಲಲ್ಲಿ ನಿಲ್ಲುತ್ತಾರೆ. ಒಳಗೆ ಕರೆದು ಕೂರಿಸಿ ಒಂದು ಲೋಟ ನೀರು ಕೊಡಲು ಮಾಲಿಕರ ಅಪ್ಪಣೆ ಬೇಕಿಲ್ಲ.

ಫೆಬ್ರವರಿಯ ಸಂಬಳ ಹುಡುಗನಿಗೆ ೭ನೆಯ ತಾರೀಕು ಸಂಜೆ ಸಿಕ್ಕಿತು. ನಾವು ನಾಲ್ಕು ಮಂದಿ ಅವನ ಮಾಲಿಕರಲ್ಲಿಗೆ ಹೋಗಿ ಕಾನೂನಿನ ಕಲಮು ತೋರಿಸಿ ಬಂದಿದ್ದೆವು. ಅವರು ಕಾಫಿ ಕೊಟ್ಟರು, ಮಾತು ಕೊಡಲಿಲ್ಲ. ಮುಂದಿನ ತಿಂಗಳು ಏನಾಗುತ್ತದೋ ನೋಡಬೇಕು. ಕಂತಿನ ಕಾಗದ, ದಂಡದ ಮೆಸೇಜು, ಸಂಬಳದ ತಾರೀಕು ಬರೆದಿಟ್ಟ ಚೀಟಿ ಇರುವವರೆಲ್ಲ ಸೋಮವಾರ ಮಧ್ಯಾಹ್ನ ಮೂರಕ್ಕೆ ಸಂಘದ ಕೋಣೆಗೆ ಬನ್ನಿ. ಯಾವ ಯಾವ ಹೋಟೆಲಿನಲ್ಲಿ ೭ರ ಮೇಲೆ ಸಂಬಳವಾಗುತ್ತದೆ ಎಂಬ ಪಟ್ಟಿ ಮಾಡುತ್ತಿದ್ದೇವೆ. ಈವರೆಗೆ ಹನ್ನೊಂದು ಹೋಟೆಲುಗಳ ಹೆಸರು ಬಂದಿವೆ.