ಮೂರು ಮಹಡಿಯ ಹೊಳೆ

ಮೀನು ಎಲ್ಲಿ ಸಿಗುತ್ತದೆ ಎಂದು ಕೇಳಿದರೆ "ನೀರಿನಲ್ಲಿ" ಎಂದು ತಟ್ಟನೆ ಉತ್ತರ ಕೊಡುವ ಜಾಣರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಉತ್ತರವೇನೋ ಸರಿ. ಆದರೆ ಗಾಳ ಹಿಡಿದು ಹೊರಟವನಿಗೆ ಅಷ್ಟು ಸಾಲದು. ಯಾವ ನೀರು? ಎಷ್ಟು ತಣ್ಣಗಿನ ನೀರು? ಬಂಡೆಯ ಮರೆಯಲ್ಲೋ, ಮಡುವಿನ ತಳದಲ್ಲೋ? ಹೊಳೆದಂಡೆಯ ಊರಿನ ಹಿರಿಯರನ್ನು ಕೇಳಿ ನೋಡಿ, ಒಂದೊಂದು ಮೀನಿಗೂ ಒಂದೊಂದು ವಿಳಾಸ ಹೇಳುತ್ತಾರೆ. ಈ ವಾರ ನಾನು ನಿಮಗೆ ದೂರದ ಒಂದು ಬೆಟ್ಟಸೀಮೆಯ ಮೀನುಗಳ ವಿಳಾಸ ಹೇಳುತ್ತೇನೆ.

ಅಮೆರಿಕದ ಪೂರ್ವಭಾಗದಲ್ಲಿ, ಟೆನೆಸಿ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳ ಗಡಿಯ ಮೇಲೆ ಗ್ರೇಟ್ ಸ್ಮೋಕಿ ಎಂಬ ಬೆಟ್ಟಗಳ ಸಾಲಿದೆ. ಸ್ಮೋಕಿ ಎಂದರೆ ಹೊಗೆಯಾಡುವ ಎಂದರ್ಥ. ಅದು ಬೆಂಕಿಯ ಹೊಗೆಯಲ್ಲ. ಕಾಡಿನ ಮರಗಳು ಬಿಡುವ ಆವಿಯಿಂದ ಬೆಟ್ಟಗಳೆಲ್ಲ ತೆಳುವಾದ ನೀಲಿ ಹೊದಿಕೆ ಹೊದ್ದಂತೆ ಕಾಣುತ್ತವೆ. ನಮ್ಮ ನೀಲಗಿರಿಯ ಹೆಸರು ನೆನಪಾಯಿತೇ? ಅಲ್ಲಿನ ಅತಿ ಎತ್ತರದ ಶಿಖರ ಕುವೋಹಿ, 2,025 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು ನೂರು ಮೀಟರ್ ಹೆಚ್ಚು, ಅಷ್ಟೇ. 1934ರಿಂದ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾಗಿದೆ. ಅಲ್ಲಿ ಹರಿಯುವ ಹಳ್ಳಕೊಳ್ಳಗಳನ್ನೆಲ್ಲ ಒಂದರ ಮುಂದೊಂದು ಜೋಡಿಸಿದರೆ ಸುಮಾರು 4,600 ಕಿಲೋಮೀಟರ್ ಉದ್ದವಾಗುತ್ತದೆ!

ಮಗಳ ಮನೆಗೆ ಹೋಗಿದ್ದಾಗ ಮೊಮ್ಮಕ್ಕಳ ಜೊತೆ ಆ ಹೊಳೆಗಳ ದಂಡೆಯಲ್ಲಿ ಅಡ್ಡಾಡಿದ್ದೇನೆ. ಗಾಳ ಹಾಕುವವರ ಹತ್ತಿರ ನಿಂತು ಮಾತಾಡಿಸುವುದು ನನ್ನ ಹಳೆಯ ಚಟ. ಅವರ ಮಾತಿನಿಂದ ನನಗೆ ಅರ್ಥವಾದದ್ದು ಇಷ್ಟು: ಅಲ್ಲಿನ ಒಂದು ಹೊಳೆ ಎಂದರೆ ಮೂರು ಮಹಡಿಯ ಮನೆ.

ಕೆಳಮಹಡಿಯಲ್ಲಿ ಬಾಸ್ ಮೀನು. ಆಫೀಸಿನ ಬಾಸ್ ಅಲ್ಲ ಮಕ್ಕಳೇ, ಇದು ಮೀನಿನ ಹೆಸರು! ಬೆಟ್ಟದ ಬುಡದಲ್ಲಿ ಹೊಳೆ ಅಗಲವಾಗಿ, ನೀರು ಸ್ವಲ್ಪ ಬೆಚ್ಚಗಾದ ಕಡೆ ಇದರ ವಾಸ. ಲಿಟಲ್ ರಿವರ್ ಎಂಬ ಹೊಳೆಯ ಕೆಳಭಾಗ, 1944ರಲ್ಲಿ ಕಟ್ಟಿ ಮುಗಿದ ಫಾಂಟಾನಾ ಅಣೆಕಟ್ಟಿನ ಹಿನ್ನೀರು, ಇವೆಲ್ಲ ಬಾಸ್ ಹಿಡಿಯುವವರ ನೆಚ್ಚಿನ ತಾಣಗಳು. ಈ ಮೀನಿನಲ್ಲಿ ಗೂಡು ಕಾಯುವುದು ಅಪ್ಪನ ಕೆಲಸ. ಗಂಡುಮೀನು ಬಾಲದಿಂದ ಜಲ್ಲಿಕಲ್ಲು ಗುಡಿಸಿ ತಗ್ಗು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಮರಿಗಳು ಈಜುವವರೆಗೂ ಕಾವಲು ನಿಲ್ಲುತ್ತದೆ.

ನಡುಮಹಡಿಯಲ್ಲಿ ರೇನ್‌ಬೋ ಟ್ರೌಟ್ ಮತ್ತು ಬ್ರೌನ್ ಟ್ರೌಟ್. ಮೇಲ್ಮಹಡಿಯಲ್ಲಿ, ಸಾಮಾನ್ಯವಾಗಿ 900 ಮೀಟರಿಗಿಂತ ಎತ್ತರದಲ್ಲಿ, ಮರಗಳ ನೆರಳಲ್ಲಿ ಧುಮ್ಮಿಕ್ಕುವ ಸಣ್ಣ ಹಳ್ಳಗಳಲ್ಲಿ ಬ್ರೂಕ್ ಟ್ರೌಟ್. ಗೇಣುದ್ದವೂ ಇರದ ಮೀನು. ಮೈಮೇಲೆ ಕೆಂಪು, ಹಳದಿ ಚುಕ್ಕೆಗಳು, ಹೊಟ್ಟೆಯ ಕಡೆಯ ರೆಕ್ಕೆಗಳಿಗೆ ಬಿಳಿ ಅಂಚು, ಜರಿಯಂಚಿನ ಸೀರೆಯ ಹಾಗೆ.

ಯಾಕೆ ಹೀಗೆ ಮಹಡಿ ಹಂಚಿಕೊಂಡಿವೆ? ಉತ್ತರ ಸೋಡಾ ಬಾಟಲಿಯಲ್ಲಿದೆ. ತಂಪಾದ ಸೋಡಾದಲ್ಲಿ ಗ್ಯಾಸ್ ಹೆಚ್ಚು ಹೊತ್ತು ಉಳಿಯುತ್ತದೆ, ಬಿಸಿಲಲ್ಲಿಟ್ಟರೆ ಬೇಗ ಹೊರಟುಹೋಗುತ್ತದೆ, ಅಲ್ಲವೇ? ನೀರಿನಲ್ಲಿ ಕರಗಿರುವ ಆಮ್ಲಜನಕದ ಕಥೆಯೂ ಅದೇ. ತಣ್ಣೀರಿನಲ್ಲಿ ಹೆಚ್ಚು, ಬೆಚ್ಚಗಿನ ನೀರಿನಲ್ಲಿ ಕಡಿಮೆ. ಟ್ರೌಟ್‌ಗೆ ಆಮ್ಲಜನಕ ಯಥೇಚ್ಛ ಬೇಕು. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅದಕ್ಕೆ ಕಷ್ಟಕಾಲ. ಬಾಸ್‌ಗೆ ಅದೇ ಹಿತವಾದ ಹವೆ.

ಇಷ್ಟೇ ಆಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಈ ಮನೆಯಲ್ಲಿ ಎಲ್ಲರೂ ಮೊದಲಿನಿಂದ ಇದ್ದವರಲ್ಲ. ಟ್ರೌಟ್‌ಗಳಲ್ಲಿ ಬ್ರೂಕ್ ಟ್ರೌಟ್ ಒಂದೇ ಅಲ್ಲಿನ ಮೂಲ ನಿವಾಸಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮರದ ವ್ಯಾಪಾರಿಗಳು ಬೆಟ್ಟಗಳನ್ನು ಬೋಳಿಸಿದರು. ನೆರಳು ಹೋಯಿತು, ನೀರು ಬೆಚ್ಚಗಾಯಿತು, ಮಣ್ಣು ಕೊಚ್ಚಿಬಂದು ಹೊಳೆ ಸೇರಿತು. ಬ್ರೂಕ್ ಟ್ರೌಟ್ ಎತ್ತರದ ಹಳ್ಳಗಳಿಗೆ ಸರಿಯಿತು. ಖಾಲಿಯಾದ ಜಾಗಕ್ಕೆ ಅಮೆರಿಕದ ಪಶ್ಚಿಮ ಭಾಗದಿಂದ ರೇನ್‌ಬೋ ಟ್ರೌಟ್, ಯುರೋಪ್ ಮೂಲದ ಬ್ರೌನ್ ಟ್ರೌಟ್ ತಂದು ಬಿಟ್ಟರು. ಕಾಡು ಮತ್ತೆ ಬೆಳೆಯಿತು, ನೀರು ಮತ್ತೆ ತಂಪಾಯಿತು. ಆದರೆ ಕೆಳಗೆ ಇಳಿಯೋಣವೆಂದರೆ ಮನೆಯಲ್ಲಿ ಬೇರೆಯವರು ಬಂದು ಕುಳಿತಿದ್ದರು!

ಇನ್ನು ಏಬ್ರಮ್ಸ್ ಹೊಳೆಯ ಕಥೆ. ಕೇಡ್ಸ್ ಕೋವ್ ಎಂಬ ಸುಂದರ ಕಣಿವೆಯಲ್ಲಿ ಹರಿದು, ಒಂದು ಜಲಪಾತವಾಗಿ ಧುಮುಕಿ ಮುಂದೆ ಹೋಗುವ ಹೊಳೆ ಅದು. ಟ್ರೌಟ್ ಹಿಡಿಯುವವರಿಗೆ ಇಂದಿಗೂ ಅಚ್ಚುಮೆಚ್ಚು. 1957ರಲ್ಲಿ ಅದರ ಕೆಳಗಡೆ ಚಿಲ್‌ಹೌವಿ ಎಂಬ ಅಣೆಕಟ್ಟು ಎದ್ದಿತು. ಅಲ್ಲಿ ಒಳ್ಳೆಯ ಟ್ರೌಟ್ ತಾಣ ಮಾಡಬೇಕೆಂದು ಅಧಿಕಾರಿಗಳಿಗೆ ಆಸೆ. ಟ್ರೌಟ್‌ಗೆ ಪೈಪೋಟಿ ಕೊಡುವ "ಕೆಲಸಕ್ಕೆ ಬಾರದ" ಮೀನುಗಳನ್ನೆಲ್ಲ ಮೊದಲು ತೆಗೆದುಬಿಡೋಣ ಎಂದು ಹೊಳೆಗೆ ರೊಟೆನೋನ್ ಎಂಬ ವಿಷ ಹಾಕಿಸಿದರು.

ಮಲೆನಾಡಿನ ಅಜ್ಜ ಅಜ್ಜಿಯರಿಗೆ ಈ ವಿದ್ಯೆ ಹೊಸದಲ್ಲ. ಕೆಲವು ಕಾಡುಕಾಯಿಗಳನ್ನು ಜಜ್ಜಿ ಹೊಂಡಕ್ಕೆ ಹಾಕಿದರೆ ಮೀನುಗಳು ಮೇಲೆ ತೇಲುವುದನ್ನು ಅವರು ಕಂಡಿರುತ್ತಾರೆ. ರೊಟೆನೋನ್ ಕೂಡ ಗಿಡಗಳ ಬೇರಿನಿಂದ ಬರುವ ವಿಷವೇ. ನೀರಿನಲ್ಲಿ ಆಮ್ಲಜನಕ ಇದ್ದರೂ ಮೀನಿನ ಮೈ ಅದನ್ನು ಬಳಸಿಕೊಳ್ಳದಂತೆ ಮಾಡುತ್ತದೆ. ವಿಷಕ್ಕೆ ಬೇಕಾದವರು, ಬೇಡದವರು ಎಂಬ ಲೆಕ್ಕವಿಲ್ಲ. ಹತ್ತಾರು ಜಾತಿಯ ಮೀನುಗಳು ಸತ್ತು ತೇಲಿದವು.

ಸತ್ತವುಗಳಲ್ಲಿ ಕಿರುಬೆರಳಿನಷ್ಟೇ ಉದ್ದದ, ಮೀಸೆಯುಳ್ಳ ಐದು ಪುಟ್ಟ ಮೀನುಗಳನ್ನು ಆಯ್ದು ಇಟ್ಟುಕೊಂಡಿದ್ದರು. ನಮ್ಮ ಚೇಳುಮೀನಿನ ಹಾಗೆ ರೆಕ್ಕೆಯ ಮುಳ್ಳಿನಲ್ಲಿ ಸ್ವಲ್ಪ ನಂಜಿರುವ ಮೀನು. ಆಮೇಲೆ ಪರೀಕ್ಷಿಸಿ ನೋಡಿದಾಗ ಅದು ಲೋಕಕ್ಕೆ ಗೊತ್ತೇ ಇರದ ಹೊಸ ಜಾತಿ! 1969ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟರು. ಜನ ಕರೆಯುವುದು ಸ್ಮೋಕಿ ಮ್ಯಾಡ್‌ಟಾಮ್ ಎಂದು. ನಾಮಕರಣವಾದಾಗ ಆ ಜಾತಿಯೇ ಅಳಿದುಹೋಗಿದೆ ಎಂದು ಎಲ್ಲರೂ ನಂಬಿದ್ದರು. ಮೊಮ್ಮಗಳಿಗೆ ಇದನ್ನು ಹೇಳಿದಾಗ ಅವಳು ಕೇಳಿದಳು, "ಹೆಸರು ಇಡುವಾಗ ಕರೆದರೆ ಓಗೊಡುವವರೇ ಇರಲಿಲ್ಲವಾ?"

ಓಗೊಡುವವರು ಇದ್ದರು. 1980ರಲ್ಲಿ ಅಲ್ಲೇ ಹತ್ತಿರದ ಸಿಟಿಕೊ ಎಂಬ ಹೊಳೆಯಲ್ಲಿ ಅದೇ ಮೀನು ಜೀವಂತವಾಗಿ ಸಿಕ್ಕಿತು. ನಾಕ್ಸ್‌ವಿಲ್ ಊರಿನ ಕನ್ಸರ್ವೇಷನ್ ಫಿಶರೀಸ್ ಎಂಬ ಸಂಸ್ಥೆಯವರು ನೀರಿಗೆ ಮುಖವಿಟ್ಟು ಈಜುತ್ತಾ, ಚಪ್ಪಟೆ ಕಲ್ಲುಗಳ ಅಡಿಯಲ್ಲಿದ್ದ ಮೊಟ್ಟೆಗಳನ್ನು ಹುಡುಕಿ ತಂದು, ತೊಟ್ಟಿಗಳಲ್ಲಿ ಮರಿ ಮಾಡಿಸಿದರು. 1986ರಿಂದ ಆ ಮರಿಗಳನ್ನು ಏಬ್ರಮ್ಸ್ ಹೊಳೆಗೆ ಬಿಡತೊಡಗಿದರು. ಒಂದೆರಡು ವರ್ಷದ ಕೆಲಸವಲ್ಲ ಅದು. ವಿಷ ಸುರಿದ ಕೆಲಸ ಬೇಗ ಮುಗಿದಿತ್ತು, ಮರಳಿ ತುಂಬುವುದಕ್ಕೆ ಹಲವು ವರ್ಷಗಳು ಹಿಡಿದವು. ಈಗ ಮ್ಯಾಡ್‌ಟಾಮ್ ಅಲ್ಲಿ ತಾನೇ ಸಂಸಾರ ಹೂಡಿದೆ. ಅದರಲ್ಲೂ ಕಲ್ಲಿನಡಿ ಕುಳಿತು ಮೊಟ್ಟೆ ಕಾಯುವುದು ಅಪ್ಪನೇ. ಆದ್ದರಿಂದ ಆ ಉದ್ಯಾನದಲ್ಲಿ ಹೊಳೆಯ ಕಲ್ಲು ಎತ್ತಿಡಬಾರದು, ಅಣೆ ಕಟ್ಟಿ ಆಡಬಾರದು ಎಂಬ ನಿಯಮವಿದೆ. ನಮ್ಮ ಮೊಮ್ಮಕ್ಕಳಿಗೆ ಮೊದಲು ಬೇಸರವಾಯಿತು. ಕಲ್ಲಿನಡಿ ಯಾರು ಕುಳಿತಿರಬಹುದು ಎಂದು ತಿಳಿದ ಮೇಲೆ ಕಾಲಿಡುವಾಗಲೂ ನೋಡಿ ಇಡತೊಡಗಿದರು.

ಬ್ರೂಕ್ ಟ್ರೌಟ್‌ಗೂ ಮನೆ ಮರಳಿ ಸಿಗುತ್ತಿದೆ. 1976ರಿಂದ ಮೂವತ್ತು ವರ್ಷ ಅದನ್ನು ಹಿಡಿಯುವುದನ್ನೇ ನಿಲ್ಲಿಸಿದ್ದರು. ಜಲಪಾತ ಅಡ್ಡವಿರುವ ಕೆಲವು ಹಳ್ಳಗಳನ್ನು ಆರಿಸಿಕೊಂಡು, ಜಲಪಾತದ ಮೇಲ್ಭಾಗದಿಂದ ರೇನ್‌ಬೋ ಮೀನನ್ನು ತೆಗೆದು ಬ್ರೂಕ್ ಟ್ರೌಟ್ ಬಿಟ್ಟಿದ್ದಾರೆ. ಜಲಪಾತ ಹತ್ತಿ ರೇನ್‌ಬೋ ವಾಪಸು ಬರಲಾರದು. ಇಲ್ಲಿಯೂ ಮೀನು ಕೊಲ್ಲುವ ಔಷಧಿ ಬಳಸಿದ್ದುಂಟು. ಆದರೆ ಹೊಳೆಯಲ್ಲಿ ಯಾರು ಯಾರು ಇದ್ದಾರೆಂದು ನೋಡಿಕೊಂಡು, ಬೇಕಾದಷ್ಟು ದೂರಕ್ಕೆ ಮಾತ್ರ. ಆ ಎಚ್ಚರವೇ 1957ರಲ್ಲಿ ಇರಲಿಲ್ಲ.

ನಮ್ಮ ಕಡೆಯೂ ಇಂಥ ಕಥೆಗಳಿವೆ. ನೀಲಗಿರಿಯ ಅವಲಾಂಚೆಯಲ್ಲಿ ಬ್ರಿಟಿಷರ ಕಾಲದಲ್ಲೇ ರೇನ್‌ಬೋ ಟ್ರೌಟ್ ತಂದು ಸಾಕಿದರು. ನಮ್ಮ ಕಾವೇರಿಯಲ್ಲಿ ಕಿತ್ತಳೆ ರೆಕ್ಕೆಯ, ಡುಬ್ಬದ ಬೆನ್ನಿನ ದೊಡ್ಡ ಮಹಸೀರ್ ಇದೆ. ನದಿಗೆ ಮೀನು ಹೆಚ್ಚಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ನೀಲಿ ರೆಕ್ಕೆಯ ಬೇರೆ ಮಹಸೀರ್ ಮರಿಗಳನ್ನು ತಂದು ಬಿಟ್ಟರು. ಇಂದು ಡುಬ್ಬದ ಮಹಸೀರ್ ಅಳಿವಿನ ಅಂಚಿಗೆ ಬಂದಿದೆ. ಅದರ ಸರಿಯಾದ ವೈಜ್ಞಾನಿಕ ಹೆಸರು ಯಾವುದೆಂದು ಖಚಿತವಾದದ್ದು 2018ರಲ್ಲಿ. ಮೊಮ್ಮಗಳ ಪ್ರಶ್ನೆ ಇಲ್ಲಿಗೂ ಹೊಂದುತ್ತದೆ.

ಅದಕ್ಕೇ ಈ ವಾರ ನಿಮಗೊಂದು ಕೆಲಸ. ನಿಮ್ಮೂರಿನ ಹೊಳೆ, ಹಳ್ಳ ಅಥವಾ ಕೆರೆಯಲ್ಲಿ ಚಿಕ್ಕಂದಿನಲ್ಲಿ ಯಾವ ಯಾವ ಮೀನು ಇದ್ದವು ಎಂದು ಅಜ್ಜ ಅಜ್ಜಿಯರನ್ನು ಕೇಳಿ. ದೊಡ್ಡವು ಮಾತ್ರವಲ್ಲ, ಯಾರೂ ಹಿಡಿಯದ ಸಣ್ಣವೂ ಬೇಕು. ಪ್ರತಿ ಮೀನಿನ ಊರ ಹೆಸರು, ಅದು ಸಿಗುತ್ತಿದ್ದ ಜಾಗ, ಈಗಲೂ ಇದೆಯೇ ಇಲ್ಲವೇ, ಈ ಮೂರನ್ನು ಬರೆದುಕೊಳ್ಳಿ. ಅಜ್ಜ ಅಜ್ಜಿಯರೇ, ಆ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲದಿರಬಹುದು. ಮಕ್ಕಳು ಕೇಳಲು ಬಂದಾಗ "ಅದೇನು ಬಿಡು, ಸಣ್ಣ ಮೀನು" ಎನ್ನಬೇಡಿ. ಪಟ್ಟಿ ಸಿದ್ಧವಾದ ಮೇಲೆ ನನಗೊಂದು ಪ್ರತಿ ಕಳುಹಿಸಿ, ಕಾಯುತ್ತಿರುತ್ತೇನೆ.