ಗೋಡೆ ಹಾರಿದ ಖಲೀಫರು, ಮುಚ್ಚಿದ ಲಕೋಟೆಯ ವರದಿ

'ಫೋನಿನಲ್ಲಿ ಬೇಡ, ಎದುರಿಗೆ ಸಿಕ್ಕಾಗ ಹೇಳುತ್ತೇನೆ.' ಗುಂಡ್ಲುಪೇಟೆಯಲ್ಲಾಗಲಿ ಚಾಮರಾಜನಗರದಲ್ಲಾಗಲಿ, ಜುಮಾ ನಮಾಝ್ ಮುಗಿಸಿ ಹೊರಬರುವವರ ಬಾಯಲ್ಲಿ ನಾವು ಈ ಮಾತನ್ನು ಕೇಳುತ್ತಿದ್ದೇವೆ. ತಪ್ಪು ಮಾಡದವನೂ ದನಿ ತಗ್ಗಿಸುವಂತಾದರೆ ಅದು ಆಳುವವರ ಮೇಲಿನ ನಂಬಿಕೆ ಸವೆದಿರುವುದರ ಗುರುತು.

ಪರರ ಗುಟ್ಟು ಶೋಧಿಸುವುದನ್ನು ಪವಿತ್ರ ಕುರ್‌ಆನ್ 'ಅಲ್ ಹುಜುರಾತ್' ಅಧ್ಯಾಯದ 12ನೆಯ ಸೂಕ್ತದಲ್ಲಿ ನಿಷೇಧಿಸಿದೆ. ಈ ನಿಷೇಧದಿಂದ ಅಧಿಕಾರಸ್ಥರಿಗೆ ವಿನಾಯಿತಿಯಿಲ್ಲ. ಹಝ್ರತ್ ಉಮರ್(ರ) ಒಂದು ರಾತ್ರಿ ಗೋಡೆ ಹಾರಿ ಒಳಹೊಕ್ಕು ಮದ್ಯಪಾನಿಯೊಬ್ಬನನ್ನು ಹಿಡಿದ ವೃತ್ತಾಂತ ಪ್ರಸಿದ್ಧವಾದುದು. ತನ್ನದು ಒಂದು ತಪ್ಪಾದರೆ ಖಲೀಫರದು ಮೂರು ಎಂದು ಆತ ವಾದಿಸಿದ: ಗುಟ್ಟು ಶೋಧಿಸಿದ್ದು, ಬಾಗಿಲು ಬಿಟ್ಟು ಬಂದದ್ದು, ಅನುಮತಿ ಕೇಳದಿದ್ದದ್ದು. ಖಲೀಫರು ಅವನನ್ನು ಬಿಟ್ಟು ಹಿಂದಿರುಗಿದರು.

ನಮ್ಮ ರಾಜ್ಯದಲ್ಲಿ 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದಿಂದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ನೀಡಿದರು. 2021ರಲ್ಲಿ ಪೆಗಾಸಸ್ ಕುತಂತ್ರಾಂಶದ ಸಂಭಾವ್ಯ ಗುರಿಗಳ ಪಟ್ಟಿಯಲ್ಲಿ ಕರ್ನಾಟಕದ ನಾಯಕರ ಹಾಗೂ ಅವರ ಆಪ್ತರ ಸಂಖ್ಯೆಗಳೂ ಇದ್ದವೆಂದು ವರದಿಯಾಯಿತು. ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ತನಿಖೆ ನಡೆಸಿತು. ಪರೀಕ್ಷಿಸಿದ 29 ಫೋನುಗಳ ಪೈಕಿ 5ರಲ್ಲಿ ಕುತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎಂಬುದು ಸಾಬೀತಾಗಲಿಲ್ಲ. ಕೇಂದ್ರ ಸರ್ಕಾರ ತನಿಖೆಗೆ ಸಹಕರಿಸಲಿಲ್ಲವೆಂದು 2022ರ ಆಗಸ್ಟಿನಲ್ಲಿ ನ್ಯಾಯಾಲಯವೇ ಹೇಳಿತು. ಪೂರ್ಣ ವರದಿ ಮಾತ್ರ ಜನರ ಕೈಸೇರಲಿಲ್ಲ.

ನಮ್ಮ ಜಿಲ್ಲೆಯ ಅನುಭವ ಬೇರೆಯೇ ಪಾಠ ಕಲಿಸುತ್ತದೆ. ವೀರಪ್ಪನ್ ಶೋಧದ ಹೆಸರಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಬಡವರ ಮೇಲೆ ವಿಶೇಷ ಕಾರ್ಯಪಡೆ ನಡೆಸಿದ ದೌರ್ಜನ್ಯಗಳ ಬಗ್ಗೆ ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯನ್ನು ನೇಮಿಸಿತು. ನೊಂದವರು ಅದರ ಮುಂದೆ ನಿಂತು ಸಾಕ್ಷ್ಯ ನುಡಿದರು. 2007ರಲ್ಲಿ ಎರಡು ರಾಜ್ಯಗಳ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶವಾಯಿತು. ತೀರಾ ತಡವಾಯಿತು, ನಿಜ. ಆದರೂ ತಮಗಾದದ್ದು ಅನ್ಯಾಯವೆಂಬುದನ್ನು ವ್ಯವಸ್ಥೆಯೇ ಒಪ್ಪಿಕೊಂಡದ್ದನ್ನು ಆ ಜನ ಕಂಡರು.

ದೇಶರಕ್ಷಣೆಗೆ ಗುಪ್ತಚರರು ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕದ್ದಾಲಿಕೆಗೆ ಅನುಮತಿ ನೀಡುವವರು ಸರ್ಕಾರದ ಕಾರ್ಯದರ್ಶಿಗಳು, ಅದನ್ನು ಪರಿಶೀಲಿಸುವವರೂ ಕಾರ್ಯದರ್ಶಿಗಳೇ. ಅನುಮತಿ ನ್ಯಾಯಾಧೀಶರಿಂದ ಬರಲಿ. ಗುಪ್ತಚರ ಸಂಸ್ಥೆಗಳು ಸಂಸತ್ತಿಗೆ ಉತ್ತರದಾಯಿಯಾಗಲಿ. ಅಧಿಕಾರವೆಂಬುದು ಅಮಾನತ್, ಅದರ ಲೆಕ್ಕ ಒಪ್ಪಿಸಲೇಬೇಕು.

ಇದೇ ಅಳತೆಗೋಲು ನಮಗೂ ಸಲ್ಲುತ್ತದೆ. ನೆರೆಯವರ ಗುಟ್ಟನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚುವ ಕೈಗೆ ಸರ್ಕಾರದತ್ತ ಬೆರಳು ತೋರುವ ನೈತಿಕ ಬಲವಿರದು. ಆಳುವವರಿಗೂ ನಮಗೂ ಪರರ ಮಾನವನ್ನು ಕಾಯುವ ಮನಸ್ಸನ್ನು ಅಲ್ಲಾಹನು ಕರುಣಿಸಲಿ. ಆಮೀನ್.